ದಾಟಿ ಹೋದ ಮನೆ

ಗುಡ್ಡಗಳ ಬುಡದ ತಾಹಾನ್ ಪೇಟೆಯಲ್ಲಿ ಬೆಳಗಿನ ಗಂಜಿಗೆ ಖುಮಿಯ ಅಂಗಡಿಯೇ ಆಗಬೇಕು ಎನ್ನುವವರು ಬಹಳ ಜನ. ಅವಳ ಪೂರ್ತಿ ಹೆಸರು ಸಾಂಗ್‌ಖುಮಿ. ಹಸಿದು ಬಂದವರಿಗೆ ಅಷ್ಟುದ್ದ ಕರೆಯುವ ಪುರುಸೊತ್ತು ಎಲ್ಲಿಂದ ಬರಬೇಕು? ಬೆಳಗ್ಗೆ ಆರಕ್ಕೆ ಬಡಿಸಲು ಶುರು ಮಾಡಿದರೆ ಹನ್ನೊಂದಕ್ಕೆ ಹಂಡೆ ಖಾಲಿ. ಬಿಸಿ ಅಕ್ಕಿಗಂಜಿ, ಮೇಲೆ ಹಂದಿಮಾಂಸದ ಚೂರು, ಒಂದು ಸೌಟು ಮೀನಿನ ರಸ, ಹುರಿದ ಬೆಳ್ಳುಳ್ಳಿ, ಮೆಣಸಿನ ಪುಡಿ. ಖಾರ ಎಷ್ಟು ಬೇಕು ಎಂದು ಕೇಳುವ ಪದ್ಧತಿ ಅವಳಲ್ಲಿಲ್ಲ. ಮುಖ ನೋಡಿ ಹಾಕುತ್ತಾಳೆ. ಯಾರಾದರೂ ಬಾಯಿ ಸುಟ್ಟುಕೊಂಡು ಕೂಗಾಡಿದರೆ, "ನಿನ್ನೆ ಹೆಂಡ್ತಿ ಹತ್ರ ಕೂಗಾಡಿದ್ಯಂತಲ್ಲ, ಅದಕ್ಕೇ ಹಾಕಿದ್ದು, ಕುಡಿ" ಅನ್ನುತ್ತಾಳೆ. ಊರ ಸುದ್ದಿಯೆಲ್ಲ ಗಂಜಿಗಿಂತ ಮೊದಲು ಅವಳ ಹತ್ತಿರ ಕುದಿದಿರುತ್ತದೆ.

ವಯಸ್ಸು ಮೂವತ್ತೇಳು. ಮದುವೆಯಾಗಿಲ್ಲ. ಅದರಿಂದ ಅವಳಿಗೇನೂ ತೊಂದರೆ ಇರಲಿಲ್ಲ, ತೊಂದರೆಯಿದ್ದದ್ದು ಊರಿಗೆ. ಅಲ್ಲಿ ಮದುವೆಯಾಗಿ ಸ್ವಂತ ಒಲೆ ಹೂಡಿದ ಹೆಂಗಸಿನ ಹೆಸರಿಗೆ ಮೊದಲು ‘ಪಿ’ ಎಂದು ಸೇರಿಸಿ ಮರ್ಯಾದೆಯಿಂದ ಕರೆಯುತ್ತಾರೆ. ಒಲೆ ಹೂಡದವಳು ತಲೆ ನರೆತರೂ ಹುಡುಗಿಯೇ. ಹಾಗಾಗಿ ಖುಮಿ ಇನ್ನೂ ಚರ್ಚಿನ ಯುವಜನ ಸಂಘದಲ್ಲಿದ್ದಳು. ಕ್ರಿಸ್‌ಮಸ್ ಬಂತೆಂದರೆ ತನ್ನ ಅಣ್ಣನ ಮಗಳ ಪಕ್ಕದಲ್ಲಿ ಕೂತು ಬಣ್ಣದ ಕಾಗದ ಕತ್ತರಿಸಬೇಕು. ಇಪ್ಪತ್ತರ ಪೋರನೊಬ್ಬ ಕಾರ್ಯದರ್ಶಿ ಅನ್ನಿಸಿಕೊಂಡು, "ಖುಮಿ ಅಕ್ಕ, ನಕ್ಷತ್ರ ಸ್ವಲ್ಪ ನೀಟಾಗಿ ಬರ್ಲಿ" ಎಂದು ಅವಳಿಗೇ ಅಪ್ಪಣೆ ಕೊಡುತ್ತಿದ್ದ. ಅವನು ಹುಟ್ಟಿದಾಗ ಅವನ ಬಟ್ಟೆ ಒಗೆದುಕೊಟ್ಟವಳು ಅವಳು.

ಅಮ್ಮ ತೀರಿಕೊಂಡ ಮೇಲೆ ಈ ವಿಷಯ ಇನ್ನೂ ಬಿಗಿಯಾಯಿತು. ಅಣ್ಣ ಥಾಂಗ ಬಂದು, "ಒಬ್ಳೇ ಇಲ್ಲೇನ್ ಮಾಡ್ತೀಯ, ನಮ್ಮನೆಗೆ ಬಂದ್ಬಿಡು" ಅಂದ.

"ನಿನ್ನ ಹೆಂಡ್ತಿ ಸಾರಿಗೆ ಉಪ್ಪು ಹಾಕೋದು ಕಲಿತ ದಿನ ಹೇಳ್ಕಳ್ಸು, ಬರ್ತೀನಿ" ಅಂದಳು ಖುಮಿ. ಅಣ್ಣ ನಕ್ಕು ಹೋದ. ಅವನಿಗೂ ಆ ಸಾರು ಗೊತ್ತಿತ್ತು.

ಆದರೆ ನಿಜವಾದ ಪ್ರಶ್ನೆ ಬಂದದ್ದು ಹಿಡಿಯಕ್ಕಿಯ ಡಬ್ಬಿಯಿಂದ. ತಾಹಾನ್‌ನ ಪ್ರತಿಯೊಂದು ಒಲೆಯ ಪಕ್ಕ ಒಂದು ಡಬ್ಬಿ ಇರುತ್ತದೆ. ಅನ್ನಕ್ಕಿಡುವಾಗಲೆಲ್ಲ, ಅಕ್ಕಿ ತೊಳೆಯುವುದಕ್ಕೆ ಮುಂಚೆ, ಮನೆಯೊಡತಿ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಾಳೆ. ಅದು ದೇವರ ಪಾಲು. ಶನಿವಾರ ಮಧ್ಯಾಹ್ನ ಮಹಿಳಾ ಸಂಘದವರು ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಇಳಿಬಿಡುವ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಾರೆ, ಡಬ್ಬಿ ಬಗ್ಗಿಸಿಕೊಂಡು, ಎರಡು ಮಾತಿನ ಪ್ರಾರ್ಥನೆ ಹೇಳಿ ಹೋಗುತ್ತಾರೆ. ಗುಡ್ಡದ ಮೇಲಿನ ಹಳ್ಳಿಗಳ ಬೋಧಕರ ಹೊಟ್ಟೆ ತುಂಬುವುದು ಅದರಿಂದ. ಊರಲ್ಲಿ ಎಷ್ಟು ಮನೆ ಎಂದು ಕೇಳಿದರೆ ಯಾರೂ ಸೂರು ಎಣಿಸುವುದಿಲ್ಲ, ಡಬ್ಬಿ ಎಣಿಸುತ್ತಾರೆ.

ಅಮ್ಮನನ್ನು ಮಣ್ಣು ಮಾಡಿದ ಎರಡನೇ ವಾರ ಪಿ ದಿಂಗಿ ಬಂದಳು. ಮೂವತ್ತು ವರ್ಷದಿಂದ ಆ ಕೇರಿಯ ಹಿಡಿಯಕ್ಕಿ ಎತ್ತುವವಳು ಅವಳೇ. ಎಪ್ಪತ್ತು ದಾಟಿದ್ದರೂ ನಾಲಿಗೆ ಹದಿನೇಳರ ಹಾಗೆ ಓಡುತ್ತಿತ್ತು.

"ನಿಮ್ಮಮ್ಮನ ಡಬ್ಬಿ ನಿಮ್ಮಣ್ಣನ ಮನೇದ್ರಲ್ಲಿ ಸೇರಿಸ್ಬಿಡ್ಲೇನೇ ಹುಡ್ಗಿ?"

"ಯಾಕಜ್ಜಿ? ನಾನು ಅನ್ನ ತಿನ್ನಲ್ವಾ?"

ಮುದುಕಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ತಿಂತೀಯ. ನೋಡಿದ್ರೇ ಗೊತ್ತಾಗುತ್ತೆ. ಸರಿ, ಇಟ್ಕೋ."

ಅಂದು ಖುಮಿ ಆ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ಬೆಳಗಿದಳು. ಅಂಗಡಿ ಹಾಕಿದ ದಿನವೂ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ. ತನ್ನದೂ ಒಂದು ಒಲೆ ಅಂತಾಯಿತು ಎಂದುಕೊಂಡಳು.

ಡಬ್ಬಿ ಸಿಕ್ಕಿತೇನೋ ಸರಿ, ಹಿಡಿ ಹಾಕುವ ಶಿಸ್ತು ಅದರ ಜೊತೆ ಬರಬೇಕಲ್ಲ! ಖುಮಿ ಬೆಳಗ್ಗೆ ಅಂಗಡಿಯಲ್ಲೇ ಗಂಜಿ ಕುಡಿಯುವಳು, ಸಂಜೆ ತನಗೆಂದು ತೆಗೆದಿಟ್ಟದ್ದರಲ್ಲೇ ಊಟ ಮುಗಿಸುವಳು. ಮನೆಯಲ್ಲಿ ಅನ್ನಕ್ಕಿಡುವುದು ವಾರಕ್ಕೆ ಎರಡೋ ಮೂರೋ ಸಲ. ಅದರಲ್ಲೂ ಮರೆವು. ಶನಿವಾರ ಬುಟ್ಟಿಯವರ ದನಿ ಕೇಳಿದ ಕೂಡಲೇ ಚೀಲಕ್ಕೆ ಕೈ ಹಾಕಿ, ಡಬ್ಬಿ ಕಂಠದವರೆಗೆ ತುಂಬಿ, ಏನೂ ಆಗದವಳ ಹಾಗೆ ಬಾಗಿಲಿಗೆ ಬರುವಳು. ಜಿಪುಣತನ ಅವಳ ರಕ್ತದಲ್ಲಿಲ್ಲ. ಉಳಿದವರಿಗಿಂತ ಒಂದು ಪಟ್ಟು ಹೆಚ್ಚೇ ಕೊಡುತ್ತಿದ್ದಳು, ಹೆಚ್ಚು ಕೊಡುತ್ತಿದ್ದೇನೆ ಎಂಬ ಬಿಗುಮಾನವೂ ಇತ್ತು.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಶನಿವಾರ ಪಿ ದಿಂಗಿ ಡಬ್ಬಿ ಬಗ್ಗಿಸಿಕೊಂಡವಳು ಅದನ್ನು ಹಿಂದಕ್ಕೆ ಕೊಡಲಿಲ್ಲ. ಬೆಳಕಿಗೆ ಹಿಡಿದು ಒಳಗೆ ಇಣುಕಿದಳು.

"ಎಷ್ಟು ನುಣ್ಣಗಿದೆ ನೋಡು ನಿನ್ನ ಡಬ್ಬಿ."

"ತೊಳೆದಿಟ್ಟಿದ್ದೀನಲ್ಲಜ್ಜಿ."

"ಅಡುಗೆ ಮಾಡೋಳ ಕೈ ಯಾವಾಗ್ಲೂ ಒದ್ದೆ ಕಣೇ. ದಿನಾ ಹಾಕಿದ್ರೆ ನಾಕು ಕಾಳು ಡಬ್ಬಿ ಮೈಗೆ ಅಂಟಿರುತ್ತೆ. ನಡುವೆ ಹೊಸ ಚೀಲ ಒಡೆದಿದ್ರೆ ಅಕ್ಕಿ ಬಣ್ಣ ಬೇರೆಯಾಗಿರುತ್ತೆ. ಒಂದು ಇರುವೆ, ಒಂದು ಚೂರು ಬೂದಿ. ನಿನ್ನಕ್ಕಿ ಈಗ ತಾನೇ ಸ್ನಾನ ಮಾಡ್ಸಿದ ಮಗು ಥರ ಇದೆ."

ಖುಮಿಯ ಮುಖ ಕೆಂಪಾಯಿತು. ಸಿಕ್ಕಿಬಿದ್ದಾಗ ಜೋರು ಮಾಡುವುದು ಅವಳ ಅಭ್ಯಾಸ. "ದೇವ್ರಿಗೆ ನಾನೇನೂ ಕಮ್ಮಿ ಕೊಟ್ಟಿಲ್ಲ" ಅಂದಳು.

"ಕಮ್ಮಿ ಅಂತ ಯಾರಂದ್ರು? ಆರು ದಿನ ತಿರುಗಿ ನೋಡ್ದೆ ಏಳನೇ ದಿನ ಮೂಟೆಗಟ್ಲೆ ಪ್ರೀತಿ ಸುರೀತೀಯ. ಗಂಡ ಅನ್ನೋನು ಹೀಗೆ ಮಾಡಿದ್ರೆ ಒಲೆಕೊಳ್ಳಿ ತಗೊಂಡು ಓಡಿಸ್ತಿದ್ದೆ ನೀನು." ಡಬ್ಬಿಯನ್ನು ಅವಳ ಕೈಗಿತ್ತು, "ಮುಂದಿನ ಶನಿವಾರದಿಂದ ನನ್ನ ಜೊತೆ ಬುಟ್ಟಿ ಹೊರು. ನಂಗೂ ಮಂಡಿ ಹಿಡ್ಕೊಳ್ತಾ ಇದೆ" ಎಂದಳು.

ಇದು ಶಿಕ್ಷೆಯೋ ಬಡ್ತಿಯೋ ಖುಮಿಗೆ ತಿಳಿಯಲಿಲ್ಲ. ಎರಡೂ ಇರಬಹುದು ಎಂದುಕೊಂಡು ಒಪ್ಪಿದಳು. ಮಹಿಳಾ ಸಂಘದಲ್ಲಿ ಒಂದಿಬ್ಬರು, "ಮದುವೆಯಾಗದೋಳ ಕೈಲಿ ಬುಟ್ಟಿಯಾ?" ಎಂದು ಮೂಗೆಳೆದರು. "ಬುಟ್ಟಿ ಹೊರೋದು ಹಣೆ ಕಣ್ರಮ್ಮ, ಗಂಡ ಅಲ್ಲ" ಎಂದಳು ಪಿ ದಿಂಗಿ. ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಖುಮಿ ಹಿಡಿ ತೆಗೆಯುವುದನ್ನು ಕಲಿತಳು. ಕಲಿಯಬೇಕಾಯಿತು ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಾಳೆ. ಅಂಗಡಿಯ ಹಂಡೆಗೆ ಅಕ್ಕಿ ಸುರಿಯುವ ಮುಂಚೆಯೂ ಒಂದು ಹಿಡಿ ತೆಗೆದಿಡತೊಡಗಿದಳು. ಮೊದಲ ತಿಂಗಳು ಅದು ಹಲ್ಲುಜ್ಜಿದ ಹಾಗೆ, ಮಾಡಿ ಮುಗಿಸುವ ಕೆಲಸ. ದೊಡ್ಡ ಭಕ್ತಿಯೇನೂ ಉಕ್ಕಲಿಲ್ಲ. ಒಂದು ಬೆಳಿಗ್ಗೆ ಮೀನಿನವಳ ಹತ್ತಿರ ತೂಕದ ವಿಷಯಕ್ಕೆ ಗಂಟಲು ಹರಿದುಕೊಂಡು ಬಂದು ಸಿಟ್ಟಿನಲ್ಲೇ ಅಕ್ಕಿಗೆ ಕೈ ಹಾಕಿದಳು. ಹಿಡಿ ಡಬ್ಬಿಯ ಮೇಲೆ ನಿಂತಿತು. ಬೈಯುತ್ತ ಹಾಕಲು ಮನಸ್ಸು ಬರಲಿಲ್ಲ. ಬಾಯಿ ಮುಚ್ಚಿ, ಉಸಿರು ಬಿಟ್ಟು, ಆಮೇಲೆ ಹಾಕಿದಳು. ಹಾಕಿದ ಮೇಲೆ ಮತ್ತೆ ಬೈದಳು, ಅದು ಬೇರೆ ಮಾತು. ದೇವರು ತನ್ನ ಅಡುಗೆಮನೆಗೆ ದಿನವೂ ಬಂದು ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿದ್ದು ಅಂದೇ. ಅವಳು ಅದನ್ನು ಚರ್ಚಿನಲ್ಲಿ ತಂತಮ್ಮ ದೇವರ ಅನುಭವ ಹೇಳಿಕೊಳ್ಳುವ ಸಾಕ್ಷಿ ಕೂಟದಲ್ಲಿ ಎದ್ದು ನಿಂತು ಹೇಳಲಿಲ್ಲ. ಮೀನಿನವಳೂ ಅದೇ ಕೂಟಕ್ಕೆ ಬರುತ್ತಿದ್ದಳು.

ಬುಟ್ಟಿ ಹೊತ್ತು ತಿರುಗಿದರೆ ಮನೆಗಳ ಒಳಗುಟ್ಟು ಗೊತ್ತಾಗುತ್ತದೆ. ಹೊಸ ಮೋಟಾರ್‌ಬೈಕ್ ನಿಂತ ಮನೆಯಿಂದ ನುಚ್ಚು ಬರುತ್ತದೆ, ಜಗಲಿ ಕುಸಿದ ಮನೆಯಿಂದ ಘಮಘಮಿಸುವ ಅಕ್ಕಿ ಬರುತ್ತದೆ. ಯಾವ ಮನೆಯಲ್ಲಿ ಅತ್ತೆ ಹಿಡಿ ಹಾಕುತ್ತಾಳೆ, ಯಾವ ಮನೆಯಲ್ಲಿ ಸೊಸೆ ಎಂದು ಖುಮಿ ಡಬ್ಬಿಯ ತೂಕದಲ್ಲೇ ಹೇಳತೊಡಗಿದಳು. ಪಿ ದಿಂಗಿಗೆ ಹೆಮ್ಮೆಯಾಯಿತು. "ಬಾಯಿ ಮಾತ್ರ ಮುಚ್ಕೊಂಡಿರು. ಡಬ್ಬಿ ಸುದ್ದಿ ಗಂಜಿ ಅಂಗಡಿಗೆ ಹೋಗ್ಬಾರ್ದು" ಎಂದಳು. ಖುಮಿ ಆ ಒಂದು ಮಾತನ್ನು ಉಳಿಸಿಕೊಂಡಳು, ಅದೂ ಎಷ್ಟು ಕಷ್ಟಪಟ್ಟು!

ಕೇರಿಯ ಕೊನೆಯಲ್ಲಿ, ಹುಣಸೆಮರದ ಹಿಂದೆ, ಪಿ ಬುವಾಂಗಿಯ ಮನೆ. ನಲವತ್ತೆರಡು ವಯಸ್ಸು, ಮೂರು ಮಕ್ಕಳು. ಗಂಡ ಹ್ರಾಂಗ ಮರದ ದಿಮ್ಮಿ ಏರಿಸುವಾಗ ಬಿದ್ದು, ಸೊಂಟದ ಮೂಳೆ ಮುರಿದು ಮಳೆಗಾಲದಿಂದ ಚಾಪೆ ಹಿಡಿದಿದ್ದ. ಬುವಾಂಗಿ ಅವರಿವರ ಗದ್ದೆ, ಅವರಿವರ ಒರಳಿನಲ್ಲಿ ಭತ್ತ ಕುಟ್ಟುವ ಕೆಲಸ ಎಂದು ದುಡಿಯುತ್ತಿದ್ದಳು. ಮನೆಗೆ ಸಾಮಾನು ಕೊಡಲು ಹೋದವರನ್ನು, "ನಮಗೆ ಕೈಕಾಲಿದೆ" ಎಂದು ಹಿಂದಕ್ಕೆ ಕಳಿಸಿದ್ದಳು.

ಒಂದು ಶನಿವಾರ ಖುಮಿ ಆ ಮನೆಯ ಬಾಗಿಲಲ್ಲಿ ನಿಂತಿದ್ದಾಗ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಉಗಿಗೆ ಎದ್ದಿತು. ಒಳಗೆ ಕುದಿಯುತ್ತಿದ್ದದ್ದು ಮುಸುಕಿನ ಜೋಳದ ನುಚ್ಚು. ಒಂದು ಕಾಳು ಅಕ್ಕಿಯಿಲ್ಲ. ಆದರೆ ಬುವಾಂಗಿ ತಂದುಕೊಟ್ಟ ಡಬ್ಬಿಯಲ್ಲಿ ಅಕ್ಕಿಯಿತ್ತು. ಒರಳಿನ ಕೂಲಿಗೆ ಸಿಕ್ಕಿದ್ದು, ಅರ್ಧಕ್ಕರ್ಧ ಒಡೆದದ್ದು. ಗಂಡನ ಗಂಜಿಗೆಂದು ತಂದ ಅದರಲ್ಲೇ ಅವಳು ಹಿಡಿ ತೆಗೆಯುತ್ತಿದ್ದಳು. ಡಬ್ಬಿಯ ಮೈಗೆ ಕಾಳುಗಳು ಸಾಲಾಗಿ ಅಂಟಿದ್ದವು.

ಮುಂದಿನ ವಾರ ಪಿ ದಿಂಗಿಯ ಮಂಡಿ ಪೂರ್ತಿ ಕೈಕೊಟ್ಟಿತು. ಖುಮಿ ಒಬ್ಬಳೇ ಹೊರಟಳು. ಎಲ್ಲ ಮನೆ ಮುಗಿಸಿ ಹುಣಸೆಮರದವರೆಗೆ ಬಂದಾಗ ಅವಳ ಕಾಲು ನಿಂತಿತು. ಹಸಿದ ಮಕ್ಕಳ ಬಾಯಿಂದ ಕಿತ್ತು ತಂದ ಹಾಗಾಗುತ್ತದೆ, ದೇವರಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದುಕೊಂಡಳು. ಬುಟ್ಟಿಯನ್ನು ಸರಿಮಾಡಿಕೊಂಡು ಪಕ್ಕದ ಓಣಿಗೆ ತಿರುಗಿದಳು. ಅದರ ಮುಂದಿನ ವಾರವೂ ಹಾಗೇ. ಮನಸ್ಸು ಹಗುರವಾಗಿತ್ತು. ನಿಜ ಹೇಳಬೇಕೆಂದರೆ, ತಾನು ಎಷ್ಟು ಒಳ್ಳೆಯವಳು ಎಂದು ದಾರಿಯುದ್ದಕ್ಕೂ ತನಗೇ ಹೇಳಿಕೊಂಡು ಬಂದಳು.

ಬುಧವಾರ ಬೆಳಿಗ್ಗೆ ಅಂಗಡಿ ತುಂಬಿತ್ತು. ಬೆಂಚಿನ ಮೇಲೆ ಕೂರಲು ಜಾಗವಿಲ್ಲದೆ ನಾಲ್ಕು ಜನ ನಿಂತೇ ಕುಡಿಯುತ್ತಿದ್ದರು. ಬುವಾಂಗಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಭಾನುವಾರ ಚರ್ಚಿಗೆ ಉಡುವ ಬಟ್ಟೆ ಉಟ್ಟಿದ್ದಳು. ಕಂಕುಳಲ್ಲಿ ಡಬ್ಬಿ.

"ನಮ್ಮನೆ ಒಲೆ ಆರೋಯ್ತು ಅಂತ ನಿಂಗ್ಯಾರು ಹೇಳಿದ್ರು ಖುಮಿ?"

ಖುಮಿಯ ಸೌಟು ಗಾಳಿಯಲ್ಲೇ ನಿಂತಿತು. "ಅಕ್ಕ, ಅದು ಹಾಗಲ್ಲ..."

"ಎರಡು ಶನಿವಾರ. ಮಕ್ಳ ಮುಖ ತೊಳ್ಸಿ ಕೂರ್ಸಿದ್ದೆ. ಡಬ್ಬಿ ಜಗಲಿ ಮೇಲೆ ತಂದಿಟ್ಟಿದ್ದೆ. ಸಣ್ಣೋನು, ‘ಬಂದ್ರು ಬಂದ್ರು’ ಅಂತ ಕೂಗ್ದ. ನೋಡಿದ್ರೆ ನಿನ್ನ ಬೆನ್ನು. ಬುಟ್ಟಿ ಹೊತ್ಕೊಂಡು ಆ ಕಡೆ ಓಣಿಗೆ ಹೋಗ್ತಿದ್ದೀಯ. ಯಾರ ಮನೆ ದಾಟಿ ಹೋಗ್ತಾರೆ, ಹೇಳು? ಬೀಗ ಹಾಕಿರೋ ಮನೆ. ಎಲ್ರೂ ಸತ್ತಿರೋ ಮನೆ. ನಮ್ದು ಅದ್ರಲ್ಲಿ ಯಾವ್ದು?"

"ನಿಮ್ಗೇ ಕಷ್ಟ ಇದೆ, ಪಾಪ ಅಂತ..."

"ಪಾಪ ಅನ್ನೋಕೆ ನೀನ್ಯಾರು?" ಬುವಾಂಗಿಯ ದನಿ ಏರಲಿಲ್ಲ. ಏರಿದ್ದರೆ ಖುಮಿಗೆ ಸುಲಭವಾಗುತ್ತಿತ್ತು, ಏರಿದ ದನಿಗೆ ಉತ್ತರ ಕೊಟ್ಟು ಅವಳಿಗೆ ರೂಢಿ. "ನನ್ನ ಗಂಡನ ಸೊಂಟ ಹೋಯ್ತು. ಗದ್ದೆ ಕೆಲಸ ಹೋಯ್ತು. ದೇವ್ರು ಒಬ್ಬ ನನ್ನ ಹತ್ರ ಇನ್ನೂ ಕೈ ಚಾಚ್ತಿದ್ದ. ಕೊಡೋಳು ಅಂತ ನನ್ನನ್ನ ಲೆಕ್ಕಕ್ಕಿಟ್ಕೊಂಡಿದ್ದ. ನೀನು ಅವನ ಕೈ ಹಿಡಿದು ಆ ಕಡೆ ಓಣಿಗೆ ಕರ್ಕೊಂಡು ಹೋದೆ."

ಯಾರೂ ಗಂಜಿ ಕುಡಿಯುತ್ತಿರಲಿಲ್ಲ. ಖುಮಿ ಸೌಟು ಕೆಳಗಿಟ್ಟು, ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು, ಡಬ್ಬಿಗಾಗಿ ಎರಡೂ ಕೈ ಚಾಚಿದಳು. ಬುವಾಂಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ಲಿ ಕೊಡಲ್ಲ. ಇದು ಅಂಗಡೀಲಿ ಕೊಡೋದಲ್ಲ. ಶನಿವಾರ ಮನೆಗೆ ಬಾ."

ಅವಳು ಹೋದ ಮೇಲೆ ಯಾರೋ ಒಬ್ಬ ವಾತಾವರಣ ತಿಳಿಯಾಗಲೆಂದು, "ಇವತ್ತು ಖುಮಿಗೇ ಖಾರ ಜಾಸ್ತಿ ಆಯ್ತು" ಅಂದ. ಯಾರೂ ನಗಲಿಲ್ಲ. ಖುಮಿಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು. ಡಬ್ಬಿ ಸಿಕ್ಕಿದ ದಿನ ತಾನು ಯಾಕೆ ಕುಣಿದೆ, ಅದು ಹೋಗುತ್ತದೆ ಅಂದಾಗ ಮುದುಕಿಯೊಡನೆ ಯಾಕೆ ವಾದಿಸಿದೆ? ಊರಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ತನಗೆ ತಿಳಿಯಬೇಕಿತ್ತು.

ಅಂಗಡಿ ಮುಚ್ಚಿ ನೇರ ಪಿ ದಿಂಗಿಯ ಮನೆಗೆ ಹೋದಳು. ಮುದುಕಿ ಮಂಡಿಗೆ ಬಿಸಿ ಎಲೆ ಕಟ್ಟಿಕೊಂಡು ಕೂತಿದ್ದಳು. ಸುದ್ದಿ ಆಗಲೇ ತಲುಪಿತ್ತು.

"ಅಜ್ಜಿ, ಬುಟ್ಟಿ ವಾಪಸ್ ತಗೊಳ್ಳಿ. ನನ್ ಕೈಲಾಗಲ್ಲ."

"ಯಾಕೆ, ಹಣೆ ನೋವಾ?"

"ತಮಾಷೆ ಮಾಡ್ಬೇಡಿ. ಅವ್ರ ಅಕ್ಕಿ ನಾನು ಹೆಂಗೆ ತರ್ಲಿ? ಮಕ್ಳು ಜೋಳ ತಿಂತಿದ್ದಾರೆ."

"ಮೂವತ್ತು ವರ್ಷದಿಂದ ಅಂಥ ಮನೆ ಎಷ್ಟೋ ನೋಡಿದ್ದೀನಿ. ಕೈ ನಡುಗುತ್ತೆ. ನಡುಗಿದ್ರೂ ಬುಟ್ಟಿ ಹಿಡೀಬೇಕು." ಪಿ ದಿಂಗಿ ಕಾಲನ್ನು ಎತ್ತಿ ಇನ್ನೊಂದು ಕಡೆ ಇಟ್ಟುಕೊಂಡಳು. "ಅವ್ರಿಗೆ ಅಕ್ಕಿ ಸೇರಿಸ್ಬೇಕಾದ್ರೆ ಅದಕ್ಕೆ ಬೇರೆ ದಾರಿ ಹುಡುಕು, ನಿಂಗೆ ತಲೆಯಿದೆ. ಆದ್ರೆ ಅವ್ಳು ಕೊಡೋದನ್ನ ತಡೀಬೇಡ. ತಪ್ಪು ಒಪ್ಕೊಳ್ಳೋಕೆ ಒಬ್ಳೇ ಹೋಗು. ನನ್ನ ಮಂಡಿ ನೆಟ್ಟಗಿದ್ರೂ ನಾನು ಬರ್ತಿರ್ಲಿಲ್ಲ."

ಶನಿವಾರ ಖುಮಿ ಬುವಾಂಗಿಯ ಮನೆಯಿದ್ದ ತುದಿಯಿಂದಲೇ ಶುರುಮಾಡಿದಳು. ಬುಟ್ಟಿ ಖಾಲಿಯಿತ್ತು. ಹುಣಸೆಮರ ದಾಟಿ ಜಗಲಿಯ ಕೆಳಗೆ ನಿಂತು ಕೂಗಿದಳು. ಒಳಗೆ ಮಾತು ಕೇಳುತ್ತಿತ್ತು, ಯಾರೂ ಹೊರಗೆ ಬರಲಿಲ್ಲ. ಮತ್ತೆ ಕೂಗಿದಳು. ಬಿಸಿಲು ನೆತ್ತಿಯ ಮೇಲಿತ್ತು. ಕಾಯಿಸುತ್ತಿದ್ದಾಳೆ, ಕಾಯಿಸಲಿ ಎಂದು ನಿಂತಳು. ಕೊನೆಗೆ ಬುವಾಂಗಿ ಬಾಗಿಲಿಗೆ ಬಂದು, "ಮೇಲೆ ಬಾ" ಅಂದಳು.

ಮೂರು ಮಕ್ಕಳು ಗೋಡೆಗೊರಗಿ ಸಾಲಾಗಿ ಕೂತಿದ್ದವು, ಮುಖ ತೊಳೆದುಕೊಂಡು. ಹ್ರಾಂಗ ಚಾಪೆಯ ಮೇಲೆ ಮಲಗಿ ತಲೆ ಮಾತ್ರ ಇತ್ತ ತಿರುಗಿಸಿದ್ದ.

"ಪಿ ಬುವಾಂಗಿ, ನಾನು ತಪ್ಪು ಮಾಡಿದೆ. ಒಳ್ಳೇದು ಮಾಡ್ತಿದ್ದೀನಿ ಅನ್ನೋ ಅಹಂಕಾರದಲ್ಲಿ ಮಾಡಿದೆ" ಎಂದಳು ಖುಮಿ. ಮೂರು ದಿನದಿಂದ ಉದ್ದವಾದ ಮಾತು ಕಟ್ಟಿಕೊಂಡಿದ್ದಳು, ಬಾಯಿಗೆ ಬಂದದ್ದು ಇಷ್ಟೇ.

ಬುವಾಂಗಿ ತಲೆಯಾಡಿಸಿದಳು. ಡಬ್ಬಿ ತಂದು ಬುಟ್ಟಿಯ ಮೇಲೆ ಬಗ್ಗಿಸಿದಳು. ಮೂರು ವಾರದ ಅಕ್ಕಿ. ಖುಮಿ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಸುರಿಯಿತು. ಒಂದು ಹಿಡಿಯನ್ನಾದರೂ ಹೇಗಾದರೂ ಅಲ್ಲೇ ಬಿಟ್ಟುಹೋಗಬೇಕೆಂದು ಅವಳ ಬೆರಳು ಮಿಡುಕಿದವು. ಬುಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದಳು. ಬುವಾಂಗಿ ಡಬ್ಬಿಯ ತಳ ತಟ್ಟಿ, ಮೈಗಂಟಿದ ಕಾಳನ್ನು ಬೆರಳಿಂದ ಕೆರೆದು, ಅದನ್ನೂ ಹಾಕಿದಳು.

ಇನ್ನು ಪ್ರಾರ್ಥನೆ. ಬುಟ್ಟಿ ತಂದವಳು ಹೇಳುವುದು ಪದ್ಧತಿ. ಖುಮಿ ತಲೆ ತಗ್ಗಿಸಿ, "ಇವತ್ತು ನೀವು ಹೇಳಿ ಅಕ್ಕ" ಅಂದಳು.

ಬುವಾಂಗಿ ಕಣ್ಣು ಮುಚ್ಚಿದಳು. "ತಂದೆಯೇ, ನಮ್ಮ ಮನೆಗೆ ಬಂದೆಯಲ್ಲ, ನಮಗೆ ಸಂತೋಷ. ಈ ಖುಮಿಗೂ ಬುದ್ಧಿ ಕೊಡು, ಸಾಕಷ್ಟು ಕೊಡು. ಆಮೆನ್."

ಮಕ್ಕಳು ಜೋರಾಗಿ ಆಮೆನ್ ಅಂದವು. ಖುಮಿ ಹಣೆಪಟ್ಟಿ ಏರಿಸಿಕೊಂಡು ಏಳುವಾಗ ಹ್ರಾಂಗ ಚಾಪೆಯಿಂದಲೇ ಕರೆದ.

"ತಂಗೀ, ಇನ್ಮೇಲೆ ವಾರ ತಪ್ಪಿಸ್ಬೇಡಮ್ಮ. ಹೋದ ವಾರ ನಂಗೆ ಜ್ವರ ಬಂದಿತ್ತು. ಕೂಲಿ ಅಕ್ಕಿ ಮುಗ್ದಿತ್ತು. ಅದ್ರಲ್ಲಿ ಒಂದು ಹಿಡಿ ಗಂಜಿ ಮಾಡೇ ಅಂತ ಇವಳನ್ನ ಬೇಡ್ಕೊಂಡೆ. ನಾಚಿಕೆ ಬಿಟ್ಟು ಬೇಡ್ಕೊಂಡೆ. ಇವಳು ಅತ್ಲೇ ಹೊರತು ಡಬ್ಬಿ ಮುಟ್ಲಿಲ್ಲ. ಮಕ್ಳು ಅದರ ಮುಂದೆ ಕೂತೇ ಕೆಸುವಿನ ಗೆಡ್ಡೆ ತಿಂದ್ವು. ದೇವ್ರದ್ದನ್ನ ಹೊತ್ತಿಗೆ ಸರಿಯಾಗಿ ತಗೊಂಡ್ ಹೋಗ್ಬಿಡಮ್ಮ. ಅದು ಮನೇಲಿ ಉಳಿದ್ರೆ ನಮ್ ಕೈಲಿ ತಡ್ಕೊಳ್ಳಕ್ಕಾಗಲ್ಲ."

ಈ ಮನೆಗೆ ಏನನ್ನು ಉಳಿಸಿದೆ ಎಂದು ಖುಮಿ ಹಿಗ್ಗಿದ್ದಳೋ ಅದು ಇಷ್ಟು ದಿನ ಇವರನ್ನು ಕೊಂದು ತಿಂದಿತ್ತು. ಒರಳಿನ ಕೆಲಸಕ್ಕೆ ಬುವಾಂಗಿಯನ್ನು ಅಂಗಡಿಗೆ ಕರೆಯಬೇಕು, ಕೂಲಿಗೆ ಒಳ್ಳೆ ಅಕ್ಕಿ ಕೊಡಬೇಕು ಎಂದು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದಳು. ಆ ಮಾತನ್ನು ಅವತ್ತು ಎತ್ತಲಿಲ್ಲ. ಅಷ್ಟು ಬುದ್ಧಿ ಆ ಪ್ರಾರ್ಥನೆ ಮುಗಿಯುವುದರೊಳಗೆ ಬಂದಿತ್ತು. ಸೋಮವಾರ ಕೇಳಿದಳು. ಬುವಾಂಗಿ ಕೂಲಿಗೆ ಎರಡು ದಿನ ಚೌಕಾಸಿ ಮಾಡಿ, ಒಪ್ಪಿಕೊಂಡು ಬಂದ ಮೊದಲ ದಿನವೇ ಗಂಜಿಗೆ ಉಪ್ಪು ಸಾಲದು ಎಂದು ಗಿರಾಕಿಗಳ ಮುಂದೆ ಹೇಳಿದಳು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಶನಿವಾರ ಖುಮಿ, "ತಪ್ಪಿಸಲ್ಲಣ್ಣ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಹುಣಸೆಮರದ ಕೆಳಗೆ ಬಂದು, ಯಾರಿಗೂ ಕಾಣದ ಹಾಗೆ ಒಂದು ನಿಮಿಷ ಅತ್ತು, ಮೂಗು ಒರೆಸಿಕೊಂಡಳು. ಆಮೇಲೆ ಮುಂದಿನ ಮನೆಯ ಜಗಲಿಯ ಕೆಳಗೆ ನಿಂತು, ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು.